ಗಗನದ ಗಡಿಯನ್ನು ಹಿಗ್ಗಿಸಿದ ಹರ್ಷೆಲ್

ಬರಿಯ ಕಣ್ಣಿಗೆ ಕಾಣುವ ತಾರಾಗ್ರಹಗಳು ಐದು. ಬುಧ, ಶುಕ್ರ, ಮಂಗಳ, ಗುರು ಮತ್ತು ಶನಿ ಎಂಬ ಈ ಐದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಬ್ಯಾಬಿಲೋನ್ ಮತ್ತು ಗ್ರೀಸ್ ದೇಶಗಳ ಪ್ರಾಚೀನರೂ ಬಲ್ಲವರಾಗಿದ್ದರು. ಸೂರ್ಯ, ಚಂದ್ರ, ರಾಹು, ಕೇತುಗಳನ್ನು ಇವುಗಳೊಡನೆ ಸೇರಿಸಿ ನಮ್ಮವರು ನವಗ್ರಹಗಳೆಂದು ಎಣಿಸಿದರು. ಎಣಿಕೆಯ ಕ್ರಮ ಯಾವುದೇ ಆಗಿರಲಿ, ಗ್ರಹಗಳಲ್ಲೆಲ್ಲ ಶನಿಯೇ ಅತಿ ಮಂದಗತಿಯುಳ್ಳದ್ದು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಶನೈಶ್ಚರ ಎಂಬ ಹೆಸರಿನಲ್ಲಿಯೇ ಆ ಮಂದಗತಿಯ ಸೂಚನೆಯಿದೆ. ಕೊಪರ್ನಿಕಸ್ ಸೂರ್ಯನನ್ನು ಕೇಂದ್ರದಲ್ಲಿರಿಸಿದ ಮೇಲೂ, ಗೆಲಿಲಿಯೋ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ ಮೇಲೂ, ನ್ಯೂಟನ್ ಗುರುತ್ವಾಕರ್ಷಣೆಯ ನಿಯಮವನ್ನು ತಿಳಿಸಿಕೊಟ್ಟ ಮೇಲೂ ಗ್ರಹಗಳ ಎಲ್ಲೆ ಶನಿಯಲ್ಲಿಯೇ ನಿಂತಿತ್ತು. ಆ ಎಲ್ಲೆಯಾಚೆಗೆ ಇನ್ನೊಂದು ಗ್ರಹವಿದೆಯೆಂದು ಜಗತ್ತಿಗೆ ತೋರಿಸಿಕೊಟ್ಟವನು ಹೊಟ್ಟೆಪಾಡಿಗಾಗಿ ಸಂಗೀತ ಕಲಿಸುತ್ತಿದ್ದ ಒಬ್ಬ ವಲಸೆಗಾರ. ಅವನೇ ವಿಲಿಯಂ ಹರ್ಷೆಲ್.

ಹರ್ಷೆಲ್ ೧೭೩೮ನೆಯ ಇಸವಿ ನವೆಂಬರ್ ೧೫ರಂದು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಜನಿಸಿದನು. ಫ್ರೀಡ್ರಿಕ್ ವಿಲ್ಹೆಲ್ಮ್ ಎಂಬುದು ತಂದೆತಾಯಿಗಳು ಅವನಿಗಿಟ್ಟ ಹೆಸರು. ತಂದೆ ಐಸಾಕ್ ಹರ್ಷೆಲ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯವನ್ನು ನುಡಿಸುತ್ತಿದ್ದನು. ಮನೆಯಲ್ಲಿ ಮಕ್ಕಳು ಬಹಳ, ಸಂಪಾದನೆ ಸ್ವಲ್ಪ. ಆದರೂ ಆ ಬಡಮನೆಯಲ್ಲಿ ವಿದ್ಯೆಯ ಗಾಳಿ ಬೀಸುತ್ತಿತ್ತು. ರಾತ್ರಿಯ ಊಟವಾದ ಮೇಲೆ ತಂದೆ ಮತ್ತು ಮಕ್ಕಳು ಸಂಗೀತ, ಗಣಿತ, ತತ್ತ್ವಶಾಸ್ತ್ರಗಳನ್ನು ಕುರಿತು ಬಹಳ ಹೊತ್ತು ಚರ್ಚಿಸುತ್ತಿದ್ದರು. ಆಕಾಶ ತಿಳಿಯಾಗಿದ್ದ ರಾತ್ರಿಗಳಲ್ಲಿ ತಂದೆ ಮಕ್ಕಳನ್ನು ಹೊರಗೆ ಕರೆದೊಯ್ದು ನಕ್ಷತ್ರಗಳನ್ನು ತೋರಿಸುತ್ತಿದ್ದುದೂ ಉಂಟು. ಮುಂದೆ ಹೆಮ್ಮರವಾಗಿ ಬೆಳೆದ ಆಸಕ್ತಿಯ ಬೀಜ ಬಿದ್ದುದು ಆ ಅಂಗಳದಲ್ಲಿಯೇ.

ವಿಲಿಯಂ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ತಂದೆಯಿದ್ದ ವಾದ್ಯವೃಂದವನ್ನು ಸೇರಿದನು. ಆಗ ಇಂಗ್ಲೆಂಡಿನ ದೊರೆಯೇ ಹ್ಯಾನೋವರಿಗೂ ಒಡೆಯನಾಗಿದ್ದನು. ೧೭೫೬ರಲ್ಲಿ ಯೂರೋಪಿನಲ್ಲಿ ಏಳು ವರ್ಷಗಳ ಮಹಾಯುದ್ಧ ಪ್ರಾರಂಭವಾಯಿತು. ಮರುವರ್ಷ ಹಾಸ್ಟೆನ್‌ಬೆಕ್ ಎಂಬಲ್ಲಿ ನಡೆದ ಕದನದಲ್ಲಿ ಫ್ರೆಂಚರು ಜಯಗಳಿಸಿ ಹ್ಯಾನೋವರನ್ನು ಆಕ್ರಮಿಸಿಕೊಂಡರು. ಯುವಕ ಹರ್ಷೆಲನು ಯುದ್ಧಭೂಮಿಯ ಕಷ್ಟಗಳನ್ನು ಕಣ್ಣಾರೆ ಕಂಡನು. ಅವನ ದೇಹಸ್ಥಿತಿಯನ್ನು ನೋಡಿ ಕಳವಳಗೊಂಡ ತಂದೆತಾಯಿಗಳು ಅವನನ್ನು ದೇಶದಿಂದ ಹೊರಗೆ ಕಳುಹಿಸುವುದೇ ಲೇಸೆಂದು ಭಾವಿಸಿದರು. ಹೀಗೆ ೧೭೫೭ರಲ್ಲಿ, ಹತ್ತೊಂಬತ್ತು ವರ್ಷ ತುಂಬುವ ವೇಳೆಗೆ, ಅವನು ಅಣ್ಣನೊಡನೆ ಇಂಗ್ಲೆಂಡಿಗೆ ಬಂದು ಸೇರಿದನು.

ಪರದೇಶ, ಪರಭಾಷೆ, ಬರಿಗೈ. ಲಂಡನ್ನಿನಲ್ಲಿ ಅವನಿಗೆ ಮೊದಲು ದೊರೆತ ಕೆಲಸವೆಂದರೆ ಸಂಗೀತದ ಸ್ವರಪ್ರಸ್ತಾರಗಳನ್ನು ನಕಲು ಮಾಡಿಕೊಡುವುದು. ಕೆಲವು ಕಾಲಾನಂತರ ಉತ್ತರ ಇಂಗ್ಲೆಂಡಿನ ಊರುಗಳಲ್ಲಿ ಸಂಗೀತಪಾಠ ಹೇಳುತ್ತ, ಕಚೇರಿಗಳನ್ನು ನಡೆಸುತ್ತ, ಕುದುರೆಯೇರಿ ಊರಿಂದೂರಿಗೆ ಅಲೆದನು. ಅಲೆದಾಟದ ನಡುವೆಯೂ ಇಂಗ್ಲಿಷ್, ಇಟಾಲಿಯನ್, ಲ್ಯಾಟಿನ್ ಭಾಷೆಗಳನ್ನು ಸ್ವಪ್ರಯತ್ನದಿಂದ ಕಲಿತನು. ಇಪ್ಪತ್ತನಾಲ್ಕು ಸಿಂಫನಿಗಳನ್ನು, ಅಂದರೆ ದೊಡ್ಡ ವಾದ್ಯವೃಂದಕ್ಕಾಗಿ ಹೊಂದಿಸಿದ ಸಂಗೀತಕೃತಿಗಳನ್ನು, ರಚಿಸಿದನು. ೧೭೬೬ರ ಕೊನೆಯಲ್ಲಿ ಬಾತ್ ಎಂಬ ನಗರದ ಹೊಸ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ವಾದಕನ ಹುದ್ದೆಯನ್ನು ಪಡೆದನು. ಬಾತ್ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು. ಶ್ರೀಮಂತರು ವಿಹಾರಕ್ಕೆಂದು ಬಂದು ತಂಗುತ್ತಿದ್ದ ಊರು. ಅಲ್ಲಿ ಹರ್ಷೆಲನಿಗೆ ಶಿಷ್ಯರಿಗೆ ಕೊರತೆಯಾಗಲಿಲ್ಲ, ಕೀರ್ತಿಗೂ ಕೊರತೆಯಾಗಲಿಲ್ಲ.

ಇತ್ತ ಹ್ಯಾನೋವರಿನಲ್ಲಿ ಅವನ ತಂಗಿ ಕ್ಯಾರೊಲಿನಳ ಬದುಕು ಬೇರೆಯೇ ದಾರಿ ಹಿಡಿದಿತ್ತು. ಅವಳು ಹುಟ್ಟಿದ್ದು ೧೭೫೦ರಲ್ಲಿ. ಎಳವೆಯಲ್ಲಿ ಸಿಡುಬು ಬಂದು ಮುಖದ ಮೇಲೆ ಕಲೆಗಳುಳಿದವು. ಹತ್ತನೆಯ ವಯಸ್ಸಿನಲ್ಲಿ ಬಂದ ವಿಷಮಜ್ವರದಿಂದ ಬೆಳವಣಿಗೆಯೇ ಕುಂಠಿತವಾಗಿ, ಅವಳ ಎತ್ತರ ೪ ಅಡಿ ೩ ಅಂಗುಲಕ್ಕೆ ನಿಂತುಹೋಯಿತು. ಹೆಣ್ಣುಮಗಳಿಗೆ ವಿದ್ಯೆಯೇಕೆ, ಮನೆಗೆಲಸ ಬಂದರೆ ಸಾಕು ಎಂಬುದು ತಾಯಿಯ ನಿಲುವಾಗಿತ್ತು. ತಾಯಿ ಮನೆಯಲ್ಲಿಲ್ಲದ ವೇಳೆ ನೋಡಿ ತಂದೆ ಅವಳಿಗೆ ಪಿಟೀಲಿನ ಪಾಠ ಹೇಳುತ್ತಿದ್ದನು. ೧೭೬೭ರಲ್ಲಿ ತಂದೆಯೂ ತೀರಿಕೊಂಡ ಮೇಲೆ ಅವಳ ಪಾಲಿಗೆ ಅಡುಗೆ, ಹೊಲಿಗೆ, ಪಾತ್ರೆಗಳಷ್ಟೇ ಉಳಿದುವು. ೧೭೭೨ರಲ್ಲಿ ವಿಲಿಯಂ ಊರಿಗೆ ಬಂದು, ತಂಗಿಯನ್ನು ತನ್ನೊಡನೆ ಕಳುಹಿಸಬೇಕೆಂದು ತಾಯಿಯನ್ನು ಕೇಳಿದನು. ಅವಳ ಬದಲಿಗೆ ಒಬ್ಬ ಸೇವಕಿಯನ್ನು ಇಟ್ಟುಕೊಳ್ಳಲು ಬೇಕಾದ ಹಣವನ್ನು ವರ್ಷವರ್ಷವೂ ಕಳುಹಿಸುವುದಾಗಿ ಒಪ್ಪಿಕೊಂಡ ಮೇಲೆಯೇ ತಾಯಿ ಸಮ್ಮತಿಸಿದಳು.

ಬಾತ್ ನಗರಕ್ಕೆ ಬಂದ ಕ್ಯಾರೊಲಿನಳು ಅಣ್ಣನಿಂದ ಗಾಯನವನ್ನೂ ಗಣಿತವನ್ನೂ ಕಲಿತಳು. ಕೆಲವೇ ವರ್ಷಗಳಲ್ಲಿ ಅಣ್ಣನ ಕಚೇರಿಗಳಲ್ಲಿ ಮುಖ್ಯ ಗಾಯಕಿಯಾಗಿ ಹಾಡುವಷ್ಟು ಪರಿಣತಿಯನ್ನು ಸಂಪಾದಿಸಿದಳು. ಆದರೆ ಅಷ್ಟರಲ್ಲಿ ಅಣ್ಣನ ಮನಸ್ಸು ಬೇರೆಡೆಗೆ ಹೊರಳಿತ್ತು. ಸಂಗೀತದ ಸ್ವರಗಳ ಹಿಂದಿನ ಗಣಿತವನ್ನು ತಿಳಿಯಬೇಕೆಂದು ಹರ್ಷೆಲ್ ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸನ ಗ್ರಂಥವನ್ನು ಓದಿದನು. ಅದೇ ಗ್ರಂಥಕಾರನು ಬೆಳಕಿನ ಶಾಸ್ತ್ರವನ್ನು ಕುರಿತು ಬರೆದ ಇನ್ನೊಂದು ಗ್ರಂಥವೂ ಅವನ ಕೈಸೇರಿತು. ದೂರದರ್ಶಕವನ್ನು ತಯಾರಿಸುವ ವಿಧಾನ ಅದರಲ್ಲಿತ್ತು. ಓದಿದ ಮೇಲೆ ಅವನಿಗೆ ಒಂದೇ ಹಂಬಲ: ಗ್ರಂಥಗಳಲ್ಲಿ ವರ್ಣಿಸಿದ ಆಕಾಶವನ್ನು ತನ್ನ ಕಣ್ಣಿನಿಂದಲೇ ನೋಡಬೇಕು.

ಒಳ್ಳೆಯ ದೂರದರ್ಶಕವನ್ನು ಕೊಳ್ಳುವಷ್ಟು ಹಣ ಅವನಲ್ಲಿರಲಿಲ್ಲ. ಆದುದರಿಂದ ತಾನೇ ತಯಾರಿಸಲು ನಿಶ್ಚಯಿಸಿದನು. ಮೊದಲು ಗಾಜಿನ ಮಸೂರಗಳನ್ನು ತಂದು ಉದ್ದನೆಯ ಕೊಳವೆಗಳಿಗೆ ಜೋಡಿಸಿದನು. ಆ ಕೊಳವೆಗಳು ನೇರವಾಗಿ ನಿಲ್ಲದೆ ಬಾಗಿದವು. ಆಗ ನ್ಯೂಟನ್ ತೋರಿಸಿದ್ದ ಮಾರ್ಗವನ್ನು ಹಿಡಿದು, ಮಸೂರಕ್ಕೆ ಬದಲಾಗಿ ತಗ್ಗುದರ್ಪಣವನ್ನು ಬಳಸುವ ದೂರದರ್ಶಕಕ್ಕೆ ಕೈಹಾಕಿದನು. ಇಂದಿನಂತೆ ಗಾಜಿಗೆ ಬೆಳ್ಳಿಯ ಅಥವಾ ಅಲ್ಯುಮಿನಿಯಮಿನ ಲೇಪ ಕೊಡುವ ಕ್ರಮ ಆಗ ಇರಲಿಲ್ಲ. ತಾಮ್ರ ಮತ್ತು ತವರವನ್ನು ಬೆರೆಸಿ ಕರಗಿಸಿ, ಅಚ್ಚಿನಲ್ಲಿ ಎರಕ ಹೊಯ್ದು, ತಣಿದ ಲೋಹದ ಬಿಲ್ಲೆಯನ್ನು ದಿನಗಟ್ಟಲೆ ಉಜ್ಜಿ, ತೀಡಿ, ಹೊಳಪು ಕೊಡಬೇಕಾಗಿತ್ತು. ಬಿಲ್ಲೆಯ ತಗ್ಗು ಕೂದಲೆಳೆಗಿಂತಲೂ ಅತಿ ಕಡಿಮೆ ಅಂತರದಷ್ಟು ತಪ್ಪಿದರೂ ನಕ್ಷತ್ರದ ಬಿಂಬ ಕದಡಿಹೋಗುತ್ತಿತ್ತು.

ಹೀಗಾಗಿ ಹರ್ಷೆಲನ ಮನೆ ಕಾರ್ಖಾನೆಯಾಯಿತು. ಅತಿಥಿಗಳು ಕುಳಿತುಕೊಳ್ಳುವ ಕೋಣೆಯಲ್ಲಿ ಬಡಗಿ ಕೊಳವೆಗಳನ್ನು ಹೊಂದಿಸುತ್ತಿದ್ದನು. ಮಲಗುವ ಕೋಣೆಯೊಂದರಲ್ಲಿ ಕಡಗೋಲಿನಂತೆ ತಿರುಗುವ ಕಡೆಯುವ ಯಂತ್ರ ನಿಂತಿತು. ಎರಕದ ಅಚ್ಚಿಗೆ ಬೇಕಾದ ಕುದುರೆಯ ಲದ್ದಿಯನ್ನು ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು ಹದಗೊಳಿಸುವ ಕೆಲಸ ಗಾಯಕಿಯಾದ ಕ್ಯಾರೊಲಿನಳ ಪಾಲಿಗೆ ಬಂದಿತು. ಹೊಳಪು ಕೊಡುವ ಕೆಲಸವನ್ನು ನಡುವೆ ನಿಲ್ಲಿಸುವಂತಿರಲಿಲ್ಲ. ಒಮ್ಮೆ ಹರ್ಷೆಲ್ ಎಡೆಬಿಡದೆ ಹದಿನಾರು ಗಂಟೆಗಳ ಕಾಲ ದರ್ಪಣದಿಂದ ಕೈ ತೆಗೆಯಲಿಲ್ಲವೆಂದು ಅವಳೇ ಬರೆದಿಟ್ಟಿದ್ದಾಳೆ. ಅಂತಹ ವೇಳೆಯಲ್ಲಿ ಅವಳು ಅಣ್ಣನ ಬಾಯಿಗೆ ತುತ್ತಿಡುತ್ತಿದ್ದಳು. ಅವನಿಗೆ ಬೇಸರವಾಗದಿರಲೆಂದು ಕಥೆಗಳನ್ನು ಓದಿಹೇಳುತ್ತಿದ್ದಳು. ಹಗಲೆಲ್ಲ ಸಂಗೀತದ ಪಾಠ, ಸಂಜೆ ಕಚೇರಿ, ರಾತ್ರಿ ಆಕಾಶ: ಇದು ಆ ಮನೆಯ ದಿನಚರಿಯಾಯಿತು. ೧೭೭೪ರ ಮಾರ್ಚ್ ತಿಂಗಳಿನಲ್ಲಿ ಹರ್ಷೆಲ್ ತಾನೇ ತಯಾರಿಸಿದ ದೂರದರ್ಶಕದಲ್ಲಿ ಶನಿಯ ಉಂಗುರವನ್ನೂ ಒರಾಯನ್ ನೀಹಾರಿಕೆಯನ್ನೂ ಕಂಡನು.

ಕಂಡು ಸಂತೋಷಪಡುವುದಷ್ಟೇ ಅವನ ಗುರಿಯಾಗಿರಲಿಲ್ಲ. ಅಂದಿನ ಖಗೋಳಜ್ಞರು ಬಹುಮಟ್ಟಿಗೆ ಚಂದ್ರ ಮತ್ತು ಗ್ರಹಗಳ ಸ್ಥಾನಗಳನ್ನು ಅಳೆಯುವುದರಲ್ಲಿ ತೊಡಗಿದ್ದರು. ನಕ್ಷತ್ರಗಳು ಅವರಿಗೆ ಆ ಅಳತೆಯ ಗುರುತುಕಲ್ಲುಗಳಾಗಿದ್ದುವು. ಹರ್ಷೆಲನಿಗಾದರೋ ನಕ್ಷತ್ರಗಳ ಸ್ವರೂಪವನ್ನೇ ಅರಿಯಬೇಕೆಂಬ ಆಸೆ. ಅವು ನಮ್ಮಿಂದ ಎಷ್ಟು ದೂರದಲ್ಲಿವೆ ಎಂಬುದನ್ನು ತಿಳಿಯಲು, ಒಂದಕ್ಕೊಂದು ಅತಿ ಸಮೀಪದಲ್ಲಿ ಕಾಣುವ ಜೋಡಿ ನಕ್ಷತ್ರಗಳು ನೆರವಾಗಬಹುದೆಂದು ಅವನು ಎಣಿಸಿದನು. ಆದುದರಿಂದ ಆಕಾಶದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಒಂದೊಂದೇ ನಕ್ಷತ್ರವನ್ನು ಪರೀಕ್ಷಿಸುತ್ತ ಬಂದನು. ಒಮ್ಮೆ ಮುಗಿಸಿದ ಮೇಲೆ ಇನ್ನೂ ಉತ್ತಮವಾದ ಉಪಕರಣದಿಂದ ಮತ್ತೊಮ್ಮೆ ಪ್ರಾರಂಭಿಸಿದನು.

೧೭೮೧ನೆಯ ಇಸವಿ ಮಾರ್ಚ್ ೧೩ರ ರಾತ್ರಿ. ಹತ್ತು ಗಂಟೆ ಕಳೆದಿತ್ತು. ಬಾತ್ ನಗರದ ನ್ಯೂ ಕಿಂಗ್ ಬೀದಿಯ ಮನೆಯ ಹಿತ್ತಲಿನಲ್ಲಿ ಏಳಡಿ ಉದ್ದದ ದೂರದರ್ಶಕವನ್ನು ನಿಲ್ಲಿಸಿಕೊಂಡು ಹರ್ಷೆಲ್ ವೃಷಭ ಮತ್ತು ಮಿಥುನ ರಾಶಿಗಳ ನಡುವಣ ನಕ್ಷತ್ರಗಳನ್ನು ಪರೀಕ್ಷಿಸುತ್ತಿದ್ದನು. ಅವುಗಳಲ್ಲಿ ಒಂದು ಉಳಿದವುಗಳಿಗಿಂತ ಸ್ವಲ್ಪ ದೊಡ್ಡದಾಗಿ ಕಂಡಿತು. ನಕ್ಷತ್ರಗಳು ಎಷ್ಟೋ ದೂರದಲ್ಲಿರುವುದರಿಂದ ದೂರದರ್ಶಕದ ವರ್ಧನಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ ಅವು ಅದೇ ಪ್ರಮಾಣದಲ್ಲಿ ದೊಡ್ಡದಾಗುವುದಿಲ್ಲ, ಬಿಂದುಗಳಂತೆಯೇ ಉಳಿಯುತ್ತವೆ. ಸಮೀಪದ ಕಾಯವಾದರೆ ಬಿಲ್ಲೆಯಂತೆ ಹಿಗ್ಗುತ್ತದೆ. ಹರ್ಷೆಲ್ ೨೨೭ ಮಡಿ ವರ್ಧನದ ನೇತ್ರಮಸೂರವನ್ನು ತೆಗೆದು ೪೬೦ ಮಡಿಯದನ್ನು, ಅನಂತರ ೯೩೨ ಮಡಿಯದನ್ನು ಹಾಕಿ ನೋಡಿದನು. ಆ ಬಿಂಬ ಅದಕ್ಕೆ ತಕ್ಕಂತೆ ಬೆಳೆಯುತ್ತ ಹೋಯಿತು. ಪಕ್ಕದ ನಕ್ಷತ್ರಗಳು ಬೆಳೆಯಲಿಲ್ಲ. ನಾಲ್ಕು ದಿನಗಳ ಬಳಿಕ ಮತ್ತೆ ಹುಡುಕಿದಾಗ ಅದು ತನ್ನ ಸ್ಥಳದಿಂದ ಸರಿದಿತ್ತು. ಅದು ನಕ್ಷತ್ರವಲ್ಲವೆಂಬುದು ಸ್ಥಿರಪಟ್ಟಿತು.

ಹೊಸ ಗ್ರಹವೊಂದನ್ನು ಕಂಡುಹಿಡಿಯಬಹುದೆಂಬ ಕಲ್ಪನೆಯೇ ಆಗ ಯಾರಿಗೂ ಇರಲಿಲ್ಲ. ಹರ್ಷೆಲ್ ಕೂಡ ಅದನ್ನು ಧೂಮಕೇತುವೆಂದೇ ಭಾವಿಸಿ ಹಾಗೆಯೇ ವರದಿ ಬರೆದನು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಆ ವರದಿಯನ್ನು ಓದಲಾಯಿತು. ಅವನು ಬಳಸಿದೆನೆಂದು ಹೇಳಿಕೊಂಡ ವರ್ಧನಶಕ್ತಿಗಳನ್ನು ಕೇಳಿ ಕೆಲವರು ಹುಬ್ಬೇರಿಸಿದರು. ದೊಡ್ಡ ವೇಧಶಾಲೆಗಳಲ್ಲಿಯೂ ಇಲ್ಲದ ಉಪಕರಣ ಸಂಗೀತದ ಮೇಷ್ಟರೊಬ್ಬನ ಹಿತ್ತಲಿನಲ್ಲಿರಲು ಸಾಧ್ಯವೇ ಎಂಬ ಸಂಶಯ ಅವರದು. ಆದರೆ ಆಸ್ಥಾನ ಖಗೋಳಜ್ಞನಾಗಿದ್ದ ನೆವಿಲ್ ಮ್ಯಾಸ್ಕಲಿನ್ ಆ ಕಾಯವನ್ನು ಸ್ವತಃ ವೀಕ್ಷಿಸಿ, ಅದಕ್ಕೆ ಧೂಮಕೇತುವಿನ ಬಾಲವಾಗಲಿ ಮಸುಕಾಗಲಿ ಇಲ್ಲದಿರುವುದನ್ನು ಗಮನಿಸಿ, ಅದು ಗ್ರಹವಾಗಿರಬಹುದೆಂದು ಸೂಚಿಸಿದನು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲೆಕ್ಸೆಲ್ ಮೊದಲಾದ ಗಣಿತಜ್ಞರು ಅದರ ಕಕ್ಷೆಯನ್ನು ಲೆಕ್ಕಹಾಕಿದರು. ಧೂಮಕೇತುವಿನ ಕಕ್ಷೆಯಂತೆ ಅದು ನೀಳವಾಗಿರದೆ ಬಹುಮಟ್ಟಿಗೆ ವೃತ್ತಾಕಾರವಾಗಿತ್ತು. ಸೂರ್ಯನಿಂದ ಅದಕ್ಕಿದ್ದ ದೂರ ಶನಿಗಿರುವ ದೂರದ ಎರಡರಷ್ಟು. ಒಂದೇ ಏಟಿಗೆ ಸೌರವ್ಯೂಹದ ವಿಸ್ತಾರ ಇಮ್ಮಡಿಯಾಯಿತು.

ಈ ಗ್ರಹವನ್ನು ಹರ್ಷೆಲನಿಗಿಂತ ಮುಂಚೆ ಯಾರೂ ನೋಡಿರಲಿಲ್ಲವೆಂದಲ್ಲ. ಇಂಗ್ಲೆಂಡಿನ ಫ್ಲಾಮ್‌ಸ್ಟೀಡ್ ೧೬೯೦ರಲ್ಲಿಯೇ ಅದನ್ನು ನೋಡಿ, ವೃಷಭ ರಾಶಿಯ ಒಂದು ನಕ್ಷತ್ರವೆಂದು ಪಟ್ಟಿಯಲ್ಲಿ ಬರೆದುಕೊಂಡಿದ್ದನು. ಫ್ರಾನ್ಸಿನ ಲೆಮೊನಿಯೆ ಅದನ್ನು ಹಲವು ಬಾರಿ ಕಂಡಿದ್ದನು. ಕಂಡವರಿಗೆ ಅದು ನಕ್ಷತ್ರಗಳಲ್ಲಿ ಒಂದು ನಕ್ಷತ್ರವಾಗಿತ್ತು. ಉತ್ತಮವಾದ ದರ್ಪಣ, ಪಳಗಿದ ಕಣ್ಣು, ಪ್ರತಿಯೊಂದನ್ನೂ ಪರೀಕ್ಷಿಸಿಯೇ ಮುಂದೆ ಹೋಗಬೇಕೆಂಬ ನಿಯಮ ಈ ಮೂರೂ ಹರ್ಷೆಲನಲ್ಲಿ ಕೂಡಿಬಂದಿದ್ದವು. ಆದುದರಿಂದ ಅವನ ಶೋಧವನ್ನು ಅದೃಷ್ಟದ ಫಲವೆಂದು ಹೇಳುವುದು ಸರಿಯಾಗಲಾರದು. ಸರದಿಯಂತೆ ಆ ರಾತ್ರಿ ಆ ನಕ್ಷತ್ರದ ಪರೀಕ್ಷೆ ಬಂದಿತ್ತು. ಆ ರಾತ್ರಿ ತಪ್ಪಿದ್ದರೆ ಇನ್ನೊಂದು ರಾತ್ರಿ ಬರುತ್ತಿತ್ತು.

ಅದೇ ವರ್ಷ ರಾಯಲ್ ಸೊಸೈಟಿ ಹರ್ಷೆಲನಿಗೆ ಕಾಪ್ಲಿ ಪದಕವನ್ನಿತ್ತು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು. ೧೭೮೨ರಲ್ಲಿ ಮೂರನೆಯ ಜಾರ್ಜ್ ದೊರೆ ಅವನನ್ನು ಬರಮಾಡಿಕೊಂಡನು. ಗ್ರೀನಿಚ್ ವೇಧಶಾಲೆಯ ಉಪಕರಣಗಳೊಡನೆ ಅವನ ದೂರದರ್ಶಕವನ್ನು ಹೋಲಿಸಿ ನೋಡಿದಾಗ ಅವನದೇ ಮೇಲೆಂಬುದು ಎಲ್ಲರಿಗೂ ಮನವರಿಕೆಯಾಯಿತು. ದೊರೆ ಅವನಿಗೆ ವರ್ಷಕ್ಕೆ ೨೦೦ ಪೌಂಡುಗಳ ವೇತನವನ್ನು ಗೊತ್ತುಮಾಡಿದನು. ಸಂಗೀತದಿಂದ ಬರುತ್ತಿದ್ದ ವರಮಾನಕ್ಕಿಂತ ಅದು ಬಹಳ ಕಡಿಮೆ. ಒಂದು ಕಡೆ ಹದಿನೈದು ವರ್ಷಗಳಿಂದ ಕಟ್ಟಿಕೊಂಡ ಸುಖಜೀವನ. ಇನ್ನೊಂದು ಕಡೆ ಅರೆಹೊಟ್ಟೆಯ ಸಂಬಳ ಮತ್ತು ಇಡೀ ಆಕಾಶ. ಹರ್ಷೆಲ್ ಎರಡನೆಯದನ್ನು ಆರಿಸಿಕೊಂಡನು. ಅರಮನೆಗೆ ಸಮೀಪವಾದ ಡ್ಯಾಚೆಟ್ ಎಂಬ ಹಳ್ಳಿಗೂ, ಮುಂದೆ ಸ್ಲೌ ಎಂಬ ಊರಿಗೂ ಮನೆ ಬದಲಾಯಿಸಿದನು. ಸಾಲದ ಹಣವನ್ನು ದೂರದರ್ಶಕಗಳನ್ನು ತಯಾರಿಸಿ ಮಾರುವುದರಿಂದ ತುಂಬಿಕೊಂಡನು.

ಹೊಸ ಗ್ರಹಕ್ಕೆ ಹರ್ಷೆಲ್ ದೊರೆಯ ಹೆಸರನ್ನೇ ಇಟ್ಟನು. ಫ್ರೆಂಚರು ಅದನ್ನು ಹರ್ಷೆಲನ ಹೆಸರಿನಿಂದಲೇ ಕರೆಯಲು ಬಯಸಿದರು. ಕೊನೆಗೆ ಜರ್ಮನಿಯ ಬೋಡೆ ಎಂಬ ಖಗೋಳಜ್ಞನು ಸೂಚಿಸಿದ ಯುರೇನಸ್ ಎಂಬ ಹೆಸರು ನೆಲೆನಿಂತಿತು. ಗ್ರೀಕರ ಪುರಾಣದಲ್ಲಿ ಯುರೇನಸ್ ಆಕಾಶದ ದೇವತೆ. ಶನಿಗ್ರಹಕ್ಕೆ ಹೆಸರಿತ್ತ ದೇವತೆಯ ತಂದೆ. ೧೭೮೯ರಲ್ಲಿ ಕ್ಲಾಪ್ರೋತ್ ಎಂಬ ರಸಾಯನಶಾಸ್ತ್ರಜ್ಞನು ತಾನು ಕಂಡುಹಿಡಿದ ಮೂಲವಸ್ತುವಿಗೆ ಈ ಗ್ರಹದ ನೆನಪಿನಲ್ಲಿ ಯುರೇನಿಯಂ ಎಂದು ಹೆಸರಿಟ್ಟನು.

ಅಣ್ಣನ ಈ ನಿರ್ಧಾರಕ್ಕೆ ಬೆಲೆತೆತ್ತವಳು ಕ್ಯಾರೊಲಿನ್. ಗಾಯನದಲ್ಲಿ ಹೆಸರು ಗಳಿಸಿ ಸ್ವತಂತ್ರವಾಗಿ ಬಾಳಬೇಕೆಂಬ ಅವಳ ಆಸೆ ಬಾತ್ ನಗರದಲ್ಲಿಯೇ ಉಳಿಯಿತು. ಇಪ್ಪತ್ತಡಿ ಉದ್ದದ ದೂರದರ್ಶಕದ ಬಳಿ ಎತ್ತರದ ಅಟ್ಟಣೆಯ ಮೇಲೆ ನಿಂತು ಹರ್ಷೆಲ್ ಕಂಡದ್ದನ್ನು ಕೂಗಿ ಹೇಳುತ್ತಿದ್ದನು. ಕೆಳಗೆ ದೀಪದ ಬಳಿ ಕುಳಿತು ಅವಳು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದಳು. ಹಗಲಿನಲ್ಲಿ ಆ ಬರಹವನ್ನೆಲ್ಲ ಲೆಕ್ಕಹಾಕಿ, ಅಚ್ಚುಕಟ್ಟಾಗಿ ಪ್ರತಿ ಮಾಡಿ ಪಟ್ಟಿಗೆ ಸೇರಿಸುತ್ತಿದ್ದಳು. ೧೭೮೩ರ ಡಿಸೆಂಬರ್ ೩೧ರ ರಾತ್ರಿ, ಮಂಜು ಮುಚ್ಚಿದ ನೆಲದ ಮೇಲೆ ಕತ್ತಲಲ್ಲಿ ಓಡುವಾಗ ಅವಳು ಜಾರಿಬಿದ್ದಳು. ಉಪಕರಣಕ್ಕೆ ಕಟ್ಟಿದ್ದ ಕಬ್ಬಿಣದ ಕೊಕ್ಕೆಯೊಂದು ಮೊಣಕಾಲಿನ ಮೇಲ್ಭಾಗಕ್ಕೆ ನಾಟಿತು. ಬಿಡಿಸಿದಾಗ ಮಾಂಸದ ತುಣುಕು ಕೊಕ್ಕೆಯಲ್ಲಿಯೇ ಉಳಿಯಿತು. ಆ ರಾತ್ರಿ ಮೋಡ ಕವಿದುದರಿಂದ ಅಣ್ಣನ ವೀಕ್ಷಣೆಗೆ ತನ್ನಿಂದ ನಷ್ಟವಾಗಲಿಲ್ಲವಲ್ಲ ಎಂದು ಅವಳು ಸಮಾಧಾನಪಟ್ಟುಕೊಂಡಳು. ಹೀಗೆ ದುಡಿಯುತ್ತಲೇ, ಅಣ್ಣನು ಊರಲ್ಲಿಲ್ಲದ ರಾತ್ರಿಗಳಲ್ಲಿ ತಾನೇ ಚಿಕ್ಕದೊಂದು ದೂರದರ್ಶಕವನ್ನು ಹಿಡಿದು ಆಕಾಶವನ್ನು ಶೋಧಿಸಿದಳು. ೧೭೮೬ರಿಂದ ೧೭೯೭ರವರೆಗೆ ಎಂಟು ಧೂಮಕೇತುಗಳನ್ನು ಕಂಡಳು. ೧೭೮೭ರಲ್ಲಿ ದೊರೆ ಅವಳಿಗೂ ವರ್ಷಕ್ಕೆ ೫೦ ಪೌಂಡುಗಳ ವೇತನವನ್ನು ಕೊಡಲಾರಂಭಿಸಿದನು. ತನ್ನದೆಂದು ಹೇಳಿಕೊಳ್ಳಬಹುದಾದ ಹಣ ಕೈಗೆ ಬಂದಾಗ ಅವಳ ವಯಸ್ಸು ಮೂವತ್ತೇಳು.

ಮರುವರ್ಷ, ಐವತ್ತರ ಅಂಚಿನಲ್ಲಿದ್ದ ಹರ್ಷೆಲ್, ಮೇರಿ ಪಿಟ್ ಎಂಬ ವಿಧವೆಯನ್ನು ವಿವಾಹವಾದನು. ಹದಿನಾರು ವರ್ಷ ಮನೆಯ ಆಡಳಿತ ನಡೆಸಿದ್ದ ಕ್ಯಾರೊಲಿನ್ ಬೇರೆ ಬಿಡಾರಕ್ಕೆ ಹೋಗಬೇಕಾಯಿತು. ಅಲ್ಲಿಂದ ಮುಂದಿನ ಹತ್ತು ವರ್ಷಗಳ ದಿನಚರಿಯನ್ನು ಅವಳು ಅನಂತರ ನಾಶಮಾಡಿಬಿಟ್ಟಳು. ಅವಳ ಮನಸ್ಸಿನ ನೋವು ಎಂತಹದೆಂಬುದನ್ನು ನಾವು ಊಹಿಸಬಹುದು. ಆದರೂ ಒಂದು ರಾತ್ರಿಯ ಕೆಲಸವನ್ನೂ ಅವಳು ತಪ್ಪಿಸಲಿಲ್ಲ. ಕಾಲಕ್ರಮದಲ್ಲಿ ಅತ್ತಿಗೆಯೊಡನೆ ಸ್ನೇಹ ಬೆಳೆಯಿತು. ೧೭೯೨ರಲ್ಲಿ ಹುಟ್ಟಿದ ಅಣ್ಣನ ಮಗ ಜಾನ್ ಅವಳ ಕಣ್ಮಣಿಯಾದನು.

ಯುರೇನಸ್ಸನ್ನು ಕಂಡುಹಿಡಿದವನೆಂಬ ಕೀರ್ತಿಯಿಂದ ಹರ್ಷೆಲ್ ತೃಪ್ತನಾಗಿ ಕುಳಿತುಕೊಳ್ಳಲಿಲ್ಲ. ೧೭೮೭ರ ಜನವರಿಯಲ್ಲಿ ಆ ಗ್ರಹದ ಎರಡು ಉಪಗ್ರಹಗಳನ್ನು ಕಂಡುಹಿಡಿದನು. ಮುಂದೆ ಅವುಗಳಿಗೆ ಟೈಟಾನಿಯ, ಓಬೆರಾನ್ ಎಂಬ ಹೆಸರುಗಳನ್ನು ಸೂಚಿಸಿದವನು ಅವನ ಮಗ ಜಾನ್. ದೊರೆಯಿತ್ತ ೪೦೦೦ ಪೌಂಡುಗಳ ನೆರವಿನಿಂದ ೪೦ ಅಡಿ ಉದ್ದದ, ೪ ಅಡಿ ವ್ಯಾಸದ ದರ್ಪಣವುಳ್ಳ ಮಹಾ ದೂರದರ್ಶಕವನ್ನು ನಿರ್ಮಿಸಿದನು. ಅದಕ್ಕಿಂತ ದೊಡ್ಡ ದೂರದರ್ಶಕ ಆಗ ಜಗತ್ತಿನಲ್ಲಿರಲಿಲ್ಲ. ಕೊಳವೆಯನ್ನು ಮೇಲೆತ್ತುವುದಕ್ಕೆ ಮುಂಚೆ ಜನರು ಅದರೊಳಗೆ ನಡೆದುಹೋಗಿ ಬರುತ್ತಿದ್ದರು. ೧೭೮೯ರಲ್ಲಿ ಶನಿಯ ಉಪಗ್ರಹಗಳಾದ ಎನ್ಸೆಲಾಡಸ್ ಮತ್ತು ಮೈಮಾಸ್ ಅವನ ಕಣ್ಣಿಗೆ ಬಿದ್ದವು. ಇವುಗಳೊಡನೆ ಸುಮಾರು ೨೫೦೦ ನೀಹಾರಿಕೆಗಳನ್ನೂ ನಕ್ಷತ್ರಗುಚ್ಛಗಳನ್ನೂ ಪಟ್ಟಿಮಾಡಿದನು. ಸೂರ್ಯನು ತನ್ನ ಗ್ರಹಪರಿವಾರದೊಡನೆ ಆಕಾಶದಲ್ಲಿ ಚಲಿಸುತ್ತಿರುವನೆಂಬುದನ್ನು ಎತ್ತಿತೋರಿಸಿದನು. ೧೮೦೦ರಲ್ಲಿ ಸೂರ್ಯನ ಬೆಳಕನ್ನು ಅಶ್ರಗದ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ಅಳೆದನು. ಕೆಂಪು ಬಣ್ಣದ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿಯೂ ಉಷ್ಣಮಾಪಕ ಏರಿತು. ಅವಕೆಂಪು ಕಿರಣಗಳ ಅರಿವು ಮಾನವನಿಗೆ ಆದುದು ಹೀಗೆ.

ಹರ್ಷೆಲ್ ತಪ್ಪು ಮಾಡದ ಮನುಷ್ಯನಾಗಿರಲಿಲ್ಲ. ಚಂದ್ರನಲ್ಲಿ ಮಾತ್ರವಲ್ಲ, ಸೂರ್ಯನಲ್ಲಿಯೂ ಜೀವಿಗಳಿರಬಹುದೆಂದು ಅವನು ನಂಬಿದ್ದನು. ಯುರೇನಸ್ಸಿಗೆ ಇನ್ನೂ ನಾಲ್ಕು ಉಪಗ್ರಹಗಳನ್ನು ಕಂಡೆನೆಂದು ಪ್ರಕಟಿಸಿದನು. ಅವು ಇಲ್ಲವೆಂದು ಮುಂದೆ ತಿಳಿದುಬಂದಿತು. ನಲವತ್ತಡಿಯ ಮಹಾ ದೂರದರ್ಶಕದ ದರ್ಪಣ ಬೇಗನೆ ಮಂಕಾಗುತ್ತಿತ್ತು. ಅದನ್ನು ತಿರುಗಿಸುವುದು ಪ್ರಯಾಸದ ಕೆಲಸವಾಗಿತ್ತು. ಅವನ ಹೆಚ್ಚಿನ ಶೋಧಗಳೆಲ್ಲ ಅದಕ್ಕಿಂತ ಚಿಕ್ಕದಾದ ಇಪ್ಪತ್ತಡಿಯ ಉಪಕರಣದಿಂದಲೇ ಆದವು. ಆದರೆ ಅವನು ತನ್ನ ವೀಕ್ಷಣೆಗಳನ್ನು ದಿನಾಂಕ, ಗಂಟೆ, ಉಪಕರಣಗಳ ವಿವರಗಳೊಡನೆ ಬರೆದಿಟ್ಟಿದ್ದನು. ಆದುದರಿಂದ ಅವನ ತಪ್ಪುಗಳನ್ನು ತಿದ್ದಲು ಮುಂದಿನವರಿಗೆ ಅವನ ಬರಹವೇ ನೆರವಾಯಿತು.

೧೮೧೬ರಲ್ಲಿ ಹರ್ಷೆಲನಿಗೆ ಸರ್ ಎಂಬ ಗೌರವ ದೊರೆಯಿತು. ೧೮೨೨ನೆಯ ಇಸವಿ ಆಗಸ್ಟ್ ೨೫ರಂದು ಸ್ಲೌನಲ್ಲಿ ಅವನು ಕಾಲವಾದನು. ಆಗ ಅವನ ವಯಸ್ಸು ಎಂಬತ್ತಮೂರು ವರ್ಷ ಒಂಬತ್ತು ತಿಂಗಳು. ಯುರೇನಸ್ ಸೂರ್ಯನನ್ನು ಒಮ್ಮೆ ಸುತ್ತಿಬರಲು ಎಂಬತ್ತನಾಲ್ಕು ವರ್ಷಗಳು ಬೇಕು. ಆ ಗ್ರಹದ ಒಂದು ವರ್ಷವೆಂದರೆ ಅದನ್ನು ಕಂಡುಹಿಡಿದವನ ಬಹುಮಟ್ಟಿನ ಒಂದು ಆಯುಸ್ಸು. ಕ್ಯಾರೊಲಿನ್ ಹ್ಯಾನೋವರಿಗೆ ಹಿಂದಿರುಗಿ, ಅಣ್ಣನ ನೀಹಾರಿಕೆಗಳ ಪಟ್ಟಿಯನ್ನು ಮತ್ತೆ ಕ್ರಮಬದ್ಧವಾಗಿ ಸಿದ್ಧಪಡಿಸಿದಳು. ಅದಕ್ಕಾಗಿ ೧೮೨೮ರಲ್ಲಿ ಲಂಡನ್ನಿನ ಖಗೋಳಶಾಸ್ತ್ರ ಸಂಘದ ಚಿನ್ನದ ಪದಕ ಅವಳಿಗೆ ಸಂದಿತು. ಮನೆಗೆಲಸಕ್ಕಷ್ಟೇ ಸಾಕೆಂದು ಎಣಿಸಲ್ಪಟ್ಟಿದ್ದ ಆ ಹೆಣ್ಣುಮಗಳು ೧೮೪೮ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಯೂರೋಪಿನ ವಿದ್ವಾಂಸರೆಲ್ಲರ ಗೌರವಕ್ಕೆ ಪಾತ್ರಳಾಗಿ ಕಣ್ಮುಚ್ಚಿದಳು. ಜಾನ್ ಹರ್ಷೆಲ್ ತಂದೆಯ ಮಾದರಿಯ ದೂರದರ್ಶಕವನ್ನು ದಕ್ಷಿಣ ಆಫ್ರಿಕಕ್ಕೆ ಕೊಂಡೊಯ್ದು, ತಂದೆಗೆ ಕಾಣದಿದ್ದ ದಕ್ಷಿಣ ಆಕಾಶವನ್ನು ಪಟ್ಟಿಮಾಡಿ ಕುಲದ ಕೆಲಸವನ್ನು ಪೂರ್ತಿಗೊಳಿಸಿದನು.

ಹರ್ಷೆಲ್ ತೆರೆದ ಬಾಗಿಲು ಅಲ್ಲಿಗೇ ಮುಚ್ಚಲಿಲ್ಲ. ಯುರೇನಸ್ ಲೆಕ್ಕಹಾಕಿದ ದಾರಿಯಿಂದ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಿದ್ದುದನ್ನು ಗಣಿತಜ್ಞರು ಗಮನಿಸಿದರು. ಆಚೆಗೆ ಯಾವುದೋ ಗ್ರಹ ಅದನ್ನು ಸೆಳೆಯುತ್ತಿರಬೇಕೆಂದು ಊಹಿಸಿ, ಫ್ರಾನ್ಸಿನ ಲೆವೆರಿಯೆ ಅದರ ಸ್ಥಾನವನ್ನು ಗಣಿತದಿಂದ ಸೂಚಿಸಿದನು. ೧೮೪೬ರ ಸೆಪ್ಟೆಂಬರ್ ೨೩ರಂದು ಬರ್ಲಿನ್ನಿನಲ್ಲಿ ಗಾಲೆ ಎಂಬುವನು ಹುಡುಕಿದಾಗ, ಸೂಚಿಸಿದ ಸ್ಥಳದ ಸಮೀಪದಲ್ಲಿಯೇ ನೆಪ್ಚೂನ್ ಕಂಡಿತು. ೧೯೭೭ರ ಮಾರ್ಚ್ ೧೦ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವಾಗ, ಗ್ರಹ ಮರೆಮಾಡುವುದಕ್ಕೆ ಮುಂಚೆಯೇ ಆ ನಕ್ಷತ್ರದ ಬೆಳಕು ಮತ್ತೆಮತ್ತೆ ಕುಂದಿತು. ಯುರೇನಸ್ಸಿನ ಸುತ್ತ ತೆಳುವಾದ ಉಂಗುರಗಳಿರುವುದು ಹೀಗೆ ತಿಳಿಯಿತು. ವಿಮಾನದಲ್ಲಿರಿಸಿದ ದೂರದರ್ಶಕದಿಂದ ಅಮೆರಿಕದ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯ ವಿಜ್ಞಾನಿಗಳು ತಮಿಳುನಾಡಿನ ಕಾವಲೂರಿನ ವೇಧಶಾಲೆಯಿಂದ ಅದೇ ಘಟನೆಯನ್ನು ವೀಕ್ಷಿಸಿ ಬೆಳಕಿನ ಕುಗ್ಗುವಿಕೆಯನ್ನು ದಾಖಲಿಸಿದರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಅಮೆರಿಕ ಹಾರಿಸಿದ ವಾಯೇಜರ್-೨ ಎಂಬ ನೌಕೆ ಗುರು ಮತ್ತು ಶನಿಗಳನ್ನು ದಾಟಿ, ೧೯೮೬ರ ಜನವರಿ ೨೪ರಂದು ಯುರೇನಸ್ಸಿನ ಸಮೀಪದಲ್ಲಿ ಹಾದುಹೋಯಿತು. ಅಲ್ಲಿಂದ ಅದು ಕಳುಹಿಸಿದ ಸಂಕೇತಗಳು ಭೂಮಿಯನ್ನು ತಲುಪಲು ಎರಡೂವರೆ ಗಂಟೆಗಿಂತ ಹೆಚ್ಚು ಕಾಲ ಹಿಡಿಯಿತು. ವ್ಯಾಸದಲ್ಲಿ ಭೂಮಿಯ ನಾಲ್ಕರಷ್ಟಿರುವ ಆ ಗ್ರಹ ಪಕ್ಕಕ್ಕೆ ಉರುಳಿಬಿದ್ದಂತೆ ತಿರುಗುತ್ತಿದೆ. ಅದರ ಒಂದೊಂದು ಧ್ರುವಕ್ಕೂ ನಲವತ್ತೆರಡು ವರ್ಷ ಹಗಲು, ನಲವತ್ತೆರಡು ವರ್ಷ ಇರುಳು. ಹತ್ತು ಹೊಸ ಉಪಗ್ರಹಗಳನ್ನು ನೌಕೆ ತೋರಿಸಿಕೊಟ್ಟಿತು. ೧೯೮೯ರಲ್ಲಿ ಅದು ನೆಪ್ಚೂನನ್ನು ಹಾದುಹೋದ ದಿನ ಆಗಸ್ಟ್ ೨೫. ಹರ್ಷೆಲ್ ತೀರಿಕೊಂಡ ದಿನವೂ ಅದೇ. ಆ ನೌಕೆಯ ಬಳಿಕ ಮಾನವನ ಬೇರಾವ ನೌಕೆಯೂ ಈ ಎರಡು ಗ್ರಹಗಳನ್ನು ಸಮೀಪಿಸಿಲ್ಲ. ೨೦೨೩ರಲ್ಲಿ ಜೇಮ್ಸ್ ವೆಬ್ ಎಂಬ ಅಂತರಿಕ್ಷ ದೂರದರ್ಶಕ ಯುರೇನಸ್ಸಿನ ಉಂಗುರಗಳ ಸ್ಪಷ್ಟವಾದ ಚಿತ್ರಗಳನ್ನು ತೆಗೆಯಿತು. ಅದು ಬಳಸಿದ್ದು ಹರ್ಷೆಲ್ ಉಷ್ಣಮಾಪಕದಿಂದ ಕಂಡುಹಿಡಿದ ಅವಕೆಂಪು ಕಿರಣಗಳನ್ನೇ.

ಹರ್ಷೆಲ್ ಕಂಡ ಮೇಲೆ ಯುರೇನಸ್ ಸೂರ್ಯನನ್ನು ಎರಡು ಬಾರಿ ಪೂರ್ತಿಯಾಗಿ ಸುತ್ತಿಬಂದಿದೆ. ೨೦೩೩ರಲ್ಲಿ ಅದು ಮೂರನೆಯ ಸುತ್ತನ್ನು ಮುಗಿಸಿ, ಬಾತ್ ನಗರದ ಹಿತ್ತಲಿನಿಂದ ಅವನು ನೋಡಿದ ಆಕಾಶದ ಅದೇ ಭಾಗಕ್ಕೆ ಮರಳುತ್ತದ. ಆಗ ಅದನ್ನು ಹುಡುಕುವವರಿಗೆ ದೊಡ್ಡ ವೇಧಶಾಲೆಯೇ ಬೇಕೆಂದಿಲ್ಲ. ಕತ್ತಲ ಆಕಾಶ, ಒಂದು ಸಾಧಾರಣ ದೂರದರ್ಶಕ, ನಕ್ಷತ್ರಗಳ ನಕ್ಷೆ ಮತ್ತು ತಾಳ್ಮೆ ಇದ್ದರೆ ಸಾಕು. ಮೊದಲ ಮೂರನ್ನು ಇತರರಿಂದ ಪಡೆಯಬಹುದು. ನಾಲ್ಕನೆಯದನ್ನು ಹರ್ಷೆಲನಂತೆ, ಕ್ಯಾರೊಲಿನಳಂತೆ, ನಾವೇ ಸಂಪಾದಿಸಿಕೊಳ್ಳಬೇಕು.